ಡೀಸೆಲ್ ಸೋಸುವ ಸೀರೆ

ಫೆಬ್ರವರಿ 11, ಮಂಗಳವಾರ

ಇವತ್ತೂ ನಿಂತಿತು. ಗರುಡಾಚಾರ್‌ಪಾಳ್ಯದ ಮೆಟ್ರೊ ಕಂಬಗಳ ಕೆಳಗೆ, ಸಿಗ್ನಲ್ಲಿಗೆ ಇನ್ನೇನು ಹತ್ತು ಮಾರು ಇದೆ ಅನ್ನುವಾಗ ಟ್ರಾಕ್ಟರ್ ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ಹಿಂದೆ ಐದು ಸಾವಿರ ಲೀಟರ್ ನೀರಿನ ಟ್ಯಾಂಕರ್, ಅದರ ಹಿಂದೆ ಕಾರುಗಳು. ನಾನು ಮಡ್‌ಗಾರ್ಡಿನಿಂದ ಹಾರಿ ಗಾಡಿ ಉರುಳದಂತೆ ಟ್ಯಾಂಕರಿನ ಟೈರಿಗೆ ಕಲ್ಲು ಕೊಟ್ಟೆ. ಅದು ನನ್ನ ಕೆಲಸ. ಅಪ್ಪ ಓಡಿಸುತ್ತಾನೆ, ನಾನು ಕಲ್ಲು ಕೊಡುತ್ತೇನೆ, ಪೈಪು ಎಳೆಯುತ್ತೇನೆ, ವಾಲ್ವ್ ತಿರುಗಿಸುತ್ತೇನೆ.

ಕಾರಿನವನೊಬ್ಬ ಗಾಜು ಇಳಿಸಿ, "ಏನ್ ಗುರು, ಇಲ್ಲೇ ಸಂಸಾರ ಹೂಡ್ತೀಯಾ?" ಅಂದ. ಅಪ್ಪ ತಲೆ ಎತ್ತಲಿಲ್ಲ. "ಗಾಡಿ ಕೆಟ್ಟಿದೆ ಕಣ್ರೀ. ನೀರಿದೆ, ಬೇಕಾದ್ರೆ ತಲೆ ಮೇಲೆ ಸುರೀತೀನಿ, ತಣ್ಣಗಾಗ್ತೀರ" ಅಂದೆ ನಾನು.

ಇಪ್ಪತ್ತು ನಿಮಿಷ ಬಿಟ್ಟರೆ ಅದಾಗಿಯೇ ಸ್ಟಾರ್ಟ್ ಆಗುತ್ತದೆ. ಒಂದು ತಿಂಗಳಿಂದ ಹೀಗೇ. ಎರಡು ಲೋಡು ಚೆನ್ನಾಗಿ ಹೋಗಿ ಮೂರನೆಯದಕ್ಕೆ ಕೈಕೊಡುತ್ತದೆ. ನಾವು ನೀರು ಹಾಕುವ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಲಕ್ಷ್ಮಿಕಾಂತ ಅವರು ಗೇಟಿನಲ್ಲೇ ಕಾಯುತ್ತಿದ್ದರು. "ಮುನಿರಾಜಪ್ಪನವರೇ, ಜನ ಮೈಗೆಲ್ಲಾ ಸೋಪು ಹಚ್ಕೊಂಡು ನಿಂತಿದಾರೆ. ಇದೇ ಥರ ಆದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಆ ಅಪಾರ್ಟ್‌ಮೆಂಟ್ ಹೋದರೆ ಟ್ರಾಕ್ಟರ್ ಮಾರಿಬಿಡುವುದೇ ಸರಿ ಎಂದು ಅಪ್ಪ ಸಂಜೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ನನಗೆ ಹೇಳಲಿಲ್ಲ. ನನ್ನ ಜೊತೆ ಅವನು ದಿನಕ್ಕೆ ಮೂರು ಮಾತು ಆಡುತ್ತಾನೆ: ಕಲ್ಲು, ಪೈಪು, ಊಟ. ಟ್ರಾಕ್ಟರ್ ಹೋದರೆ ಮೊದಲೆರಡೂ ಹೋಗುತ್ತವೆ.

ಫೆಬ್ರವರಿ 12, ಬುಧವಾರ

ಯಾಕೆ ಮೂರೇ ಮಾತು ಅನ್ನುವುದನ್ನೂ ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ಓದಿದರೂ ಇದ್ದದ್ದು ಇದ್ದ ಹಾಗೆ.

ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇತ್ತು. ಹೋದ ಏಪ್ರಿಲ್‌ನಿಂದ ಎಲ್ಲರೂ ಅವಳಿಗೆ ಅಲ್ಸರ್ ಅಂದರು. ಅಪ್ಪ ದಿನಾ ಬೆಳಗ್ಗೆ ಮಂಚದ ಪಕ್ಕ ನಿಂತು, "ಡಾಕ್ಟ್ರು ಹೇಳವ್ರೆ ಯಶೋದಾ, ದಸರಾಕ್ಕೆ ನೀನು ಓಡಾಡ್ತೀಯ" ಅನ್ನುತ್ತಿದ್ದ. ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇದ್ದೆ. ಅಮ್ಮ ಕೇಳಿದಳು, "ಮೋನಿ, ನಾನು ಉಳೀತೀನಾ?" "ಇಲ್ಲಮ್ಮ" ಅಂದೆ. ಅಪ್ಪನ ಅಕ್ಕ ಗೋವಿಂದಮ್ಮ ಅತ್ತೆ ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಂಜೆಯೊಳಗೆ ಅಪ್ಪನಿಗೆ ಗೊತ್ತಾಯಿತು. ಆರನೆಯ ದಿನ ಅಮ್ಮ ಹೋದಳು.

ಕೇಳಿದಳು, ಹೇಳಿದೆ. ನಾನು ಹೇಳಿದ್ದರಿಂದ ಗಡ್ಡೆ ದೊಡ್ಡದಾಗಲಿಲ್ಲ. ನಾನು ಇರುವುದೇ ಹೀಗೆ. ಇಂದಿರಾನಗರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಡೂಪ್ಲಿಕೇಟ್ ಚಾರ್ಜರನ್ನು ಒರಿಜಿನಲ್ ಅಂತ ಹೇಳಿ ಮಾರು ಅಂದರು. ಗಿರಾಕಿಗೆ ಡೂಪ್ಲಿಕೇಟ್ ಅಂತಲೇ ಹೇಳಿ ಕೆಲಸ ಬಿಟ್ಟು ಬಂದೆ. ಎರಡನೇ ಪಿಯುಸಿ ಬಿಡುವಾಗ ಪ್ರಿನ್ಸಿಪಾಲರು ಯಾಕಮ್ಮ ಅಂತ ಕೇಳಿದರು. ಮನೆಯಲ್ಲಿ ಕಷ್ಟ ಅಂದಿದ್ದರೆ ತಲೆ ನೇವರಿಸಿ ಕಳಿಸುತ್ತಿದ್ದರು. "ಒಂದು ಕಡೆ ಕೂರೋಕಾಗಲ್ಲ ಸರ್" ಅಂದೆ. ಅದೇ ನಿಜ.

ಫೆಬ್ರವರಿ 14, ಶುಕ್ರವಾರ

ಮೆಕ್ಯಾನಿಕ್ ಡೀಸೆಲ್ ಪಂಪನ್ನೇ ಬಿಚ್ಚಬೇಕು ಅನ್ನುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ನಿಂತು ನಿಂತು ಹೊರಡುತ್ತದೆ ಅಂದರೆ ಡೀಸೆಲ್ ಬರುವ ದಾರಿಯಲ್ಲಿ ಏನೋ ಅಡ್ಡ ಕೂರುತ್ತಿದೆ, ಆಮೇಲೆ ಸರಿಯುತ್ತಿದೆ. ಡೀಸೆಲ್ ಟ್ಯಾಂಕಿಗೂ ಪಂಪಿಗೂ ನಡುವೆ ಇನ್ನೊಂದು ಫಿಲ್ಟರ್ ಹಾಕಿದರೆ ಅದು ಅಲ್ಲೇ ಸಿಕ್ಕಿಬೀಳಬೇಕು.

ಹಲಸೂರಿನವರೆಗೆ ಮೆಟ್ರೊ, ಅಲ್ಲಿಂದ ಬಸ್ಸಿನಲ್ಲಿ ಶಿವಾಜಿನಗರ. ಸ್ಪೇರ್ ಪಾರ್ಟ್ಸ್ ಬೀದಿಯಲ್ಲಿ ಅಫ್ಜಲ್ ಭಾಯ್ ಅಂಗಡಿಗೆ ಅಪ್ಪನ ಜೊತೆ ಚಿಕ್ಕವಳಿದ್ದಾಗ ಹೋಗಿದ್ದೆ.

"ಅಂಕಲ್, ಟ್ರಾಕ್ಟರಿಗೆ ಡೀಸೆಲ್ ಫಿಲ್ಟರ್. ಗಾಜಿಂದು, ಒಳಗೆ ಕಾಣೋ ಅಂಥದ್ದು."

"ಕಂಪನಿಯವ್ರು ಎರಡು ಕೊಟ್ಟಿರ್ತಾರಲ್ಲ ಬೇಟಾ, ಮೂರನೇದು ಯಾಕೆ?"

"ಆ ಎರಡೂ ಒಳಗೆ ಏನಿದೆ ಅಂತ ತೋರಿಸಲ್ಲ."

ಅವರು ನಗುತ್ತಾ ಒಂದು ಡಬ್ಬಿ ತೆಗೆದರು. "ಇದು ಕಂಪನಿ ಮಾಲ್ ಅಲ್ಲ, ಮೊದಲೇ ಹೇಳ್ತೀನಿ. ಕೆಳಗಡೆ ಬಟ್ಟಲು ಬಿಚ್ಚಿ ತೊಳೀಬಹುದು. ಬಾಣದ ಗುರುತು ಎಂಜಿನ್ ಕಡೆಗೆ. ಉಲ್ಟಾ ಹಾಕ್ಬಿಟ್ಟು ಅಫ್ಜಲ್ ಭಾಯ್ ಮೋಸ ಮಾಡ್ದ ಅಂತ ಬರ್ಬೇಡ."

ಮೊದಲೇ ಹೇಳಿದ್ದಕ್ಕೆ ನನಗೆ ಆ ಮನುಷ್ಯ ಹಿಡಿಸಿದರು.

ಫೆಬ್ರವರಿ 16, ಭಾನುವಾರ

ಫಿಲ್ಟರ್ ಹಾಕಿದೆ. ಮನೆಯ ಮುಂದೆಯೇ, ಸಂಪಿನ ಪಕ್ಕ.

ಟ್ಯಾಂಕಿನ ಕೆಳಗಿನ ತಿರುಪು ಮುಚ್ಚಿ, ರಬ್ಬರ್ ಪೈಪನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿಗೂ ಫಿಲ್ಟರಿನ ಮೂತಿ ತುರುಕಿ ಕ್ಲಿಪ್ ಬಿಗಿದೆ. ಬಾಣ ಎಂಜಿನ್ ಕಡೆಗೆ. ಮೂರು ಸಲ ನೋಡಿದೆ. ಅಪ್ಪ ಸಂಪಿನ ಕಟ್ಟೆಯ ಮೇಲೆ ಕೂತಿದ್ದ. ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ತಿರುಪು ಬಿಟ್ಟು ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದೆ. ಇಲ್ಲ.

ಆಗ ಅಪ್ಪ ಎದ್ದು ಬಂದ. "ಏರ್ ತಗೊಂಡದೆ."

ಪೈಪು ಕತ್ತರಿಸಿದಾಗ ಒಳಗೆ ಗಾಳಿ ಸೇರಿದೆ, ಅದು ಹೋಗುವವರೆಗೆ ಡೀಸೆಲ್ ಹರಿಯುವುದಿಲ್ಲ. ಅವನು ಪಂಪಿನ ಸಣ್ಣ ಸನ್ನೆಯನ್ನು ಕೈಯಿಂದ ಒತ್ತುತ್ತಾ ಕೂತ, ನಾನು ಸ್ಪ್ಯಾನರ್ ಹಿಡಿದು ಗಾಳಿ ಬಿಡುವ ಸ್ಕ್ರೂ ಸಡಿಲಿಸುತ್ತಾ. "ಬಿಡು." ನೊರೆ ಬಂತು. "ಹಿಡಿ." "ಬಿಡು." ಗುಳ್ಳೆ ಬಂತು. "ಇನ್ನೊಂಚೂರು. ಹಿಡಿ." ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ನನ್ನ ಬೆರಳ ಮೇಲೆ ಹರಿಯಿತು. ಒಂದೇ ಸಲಕ್ಕೆ ಸ್ಟಾರ್ಟ್. ಅಮ್ಮ ಹೋದ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಹತ್ತಿರ ಕೂತಿದ್ದೇ ಇಲ್ಲ.

ಆಮೇಲೆ ಅಪ್ಪ ಡೀಸೆಲ್ ತುಂಬಿಸಿದ. ನಮ್ಮಲ್ಲಿ ನೇರ ಸುರಿಯುವುದಿಲ್ಲ. ಬಂಕಿನಿಂದ ಕ್ಯಾನಿನಲ್ಲಿ ತಂದು, ಲಾಳಿಕೆಯ ಬಾಯಿಗೆ ಬಟ್ಟೆ ಕಟ್ಟಿ ಸೋಸುತ್ತೇವೆ. ತಾತನ ಕಾಲದ ಪದ್ಧತಿ. ಮೊದಲು ಅಪ್ಪನ ಹಳೇ ಪಂಚೆ ಇರುತ್ತಿತ್ತು, ಈಗ ಅಮ್ಮನ ನೀಲಿ ವಾಯಿಲ್ ಸೀರೆಯ ತುಂಡು. ತಿಥಿಯ ದಿನ ಅತ್ತೆ ಅಮ್ಮನ ಸೀರೆಗಳನ್ನೆಲ್ಲ ಕೊಟ್ಟುಬಿಟ್ಟಳು. ಇದೊಂದು ಸೆರಗಿನಲ್ಲಿ ಹರಿದಿತ್ತೆಂದು ಉಳಿಯಿತು. ಮಾರನೆಯ ದಿನ ಅಪ್ಪ ಅದನ್ನು ಕೈಯಿಂದಲೇ ಹರಿದು ಲಾಳಿಕೆಗೆ ಕಟ್ಟಿದ.

ಫೆಬ್ರವರಿ 18, ಮಂಗಳವಾರ

"ಆರು ಲೋಡು. ಎಲ್ಲೂ ನಿಲ್ಲಲಿಲ್ಲ" ಅಂದ ಅಪ್ಪ, ಪೈಪು ಸುತ್ತುತ್ತಾ. ಯಾರಿಗೆ ಅಂತ ಹಿಂದೆ ತಿರುಗಿ ನೋಡಿದೆ. ನನಗೇ.

ಫೆಬ್ರವರಿ 20, ಗುರುವಾರ

ಬೆಳಗ್ಗೆ ಫಿಲ್ಟರಿನ ಬಟ್ಟಲು ಮಂಕಾಗಿ ಕಂಡಿತು. ತುಕ್ಕೋ ಮಣ್ಣೋ ಇರಬೇಕು ಅಂತ ಬಿಚ್ಚಿ ಬಿಳಿ ಟೈಲ್ಸಿನ ತುಂಡಿನ ಮೇಲೆ ಸುರಿದೆ. ಎಳೆಗಳು. ಕೂದಲಿನಷ್ಟು ತೆಳು, ಒಂದಕ್ಕೊಂದು ಸುತ್ತಿಕೊಂಡು ಚೆಂಡಾಗಿದ್ದವು. ನೀಲಿ.

ಲಾಳಿಕೆಯ ಹತ್ತಿರ ಹೋಗಿ ಬಟ್ಟೆ ಬಿಡಿಸಿ ನೋಡಿದೆ. ಅಂಚು ಮಡಚಿ ಹೊಲಿದಿಲ್ಲ, ಹರಿದದ್ದು ಹರಿದ ಹಾಗೇ ಇದೆ. ಡೀಸೆಲ್ ಸುರಿದಾಗಲೆಲ್ಲ ಅಂಚಿನಿಂದ ಎಳೆ ಬಿಚ್ಚಿ ಒಳಗೆ ಹೋಗುತ್ತಿದೆ. ಐದು ತಿಂಗಳಿಂದ. ಪಂಪಿನ ಬಾಯಿಗೆ ಎಳೆ ಕೂತಾಗ ಗಾಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಅದು ಸರಿದಾಗ ಹೊರಡುತ್ತದೆ. ಎಲ್ಲ ತಾಳೆಯಾಯಿತು. ಕಸ ತಡೆಯಲು ಕಟ್ಟಿದ ಬಟ್ಟೆಯೇ ಕಸ.

ಸಂಜೆ ಹೇಳುತ್ತೇನೆ.

ಫೆಬ್ರವರಿ 21, ಶುಕ್ರವಾರ

ಹೇಳಲಿಲ್ಲ. ಅಪ್ಪ ಉಣ್ಣುತ್ತಿದ್ದ.

ಫೆಬ್ರವರಿ 24, ಸೋಮವಾರ

ಇವತ್ತು ಹೇಳಬೇಕೆಂದೇ ಅಪ್ಪ ಡೀಸೆಲ್ ಹಾಕುವಾಗ ಹತ್ತಿರ ಹೋದೆ. ಅವನು ಸೀರೆಯ ತುಂಡನ್ನು ಎರಡು ಪದರ ಮಾಡಿ, ಅಂಗೈಯಿಂದ ಸುಕ್ಕು ತೆಗೆದು, ಲಾಳಿಕೆಗೆ ಕಟ್ಟಿ, ಕ್ಯಾನ್ ಎತ್ತಿದ. ಎತ್ತುತ್ತಾ, "ಹಿಡ್ಕೋ" ಅಂದ. ನಾನು ಲಾಳಿಕೆ ಹಿಡಿಯಲು ಕೈ ಚಾಚಿದೆ. ಅವನಿಗೆ ನಾನು ಅಲ್ಲಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಬೆಚ್ಚಿ ನೋಡಿದ, ಒಂದು ಗುಟುಕು ಡೀಸೆಲ್ ನೆಲಕ್ಕೆ ಚೆಲ್ಲಿತು.

ಮೊದಲೆಲ್ಲ ಲಾಳಿಕೆ ಹಿ‌ಡಿಯುತ್ತಿದ್ದದ್ದು ಅಮ್ಮ. ಎಡಗೈಯಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು, ಬಲಗೈಯಲ್ಲಿ ಲಾಳಿಕೆ.

ಹೇಳಲಿಲ್ಲ.

ಮಾರ್ಚ್ 3, ಸೋಮವಾರ

ದಿನ ಬಿಟ್ಟು ದಿನ ಅಪ್ಪ ಹಾಲು ತರಲು ಹೋದಾಗ ಬಟ್ಟಲು ತೊಳೆಯುತ್ತೇನೆ. ಬಿಚ್ಚಿದರೆ ಗಾಳಿ ಸೇರುತ್ತದೆ, ಅದನ್ನು ಒಬ್ಬಳೇ ತೆಗೆಯುವುದನ್ನು ಕಲಿತೆ: ಎಡಗೈಯಲ್ಲಿ ಸನ್ನೆ, ಬಲಗೈಯಲ್ಲಿ ಸ್ಪ್ಯಾನರ್. ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ. ಗಾಡಿ ಒಂದು ದಿನವೂ ನಿಂತಿಲ್ಲ. ಮೊನ್ನೆ ಲಕ್ಷ್ಮಿಕಾಂತ ಅವರು ಅಪ್ಪನಿಗೆ ಕಾಫಿ ಕೊಡಿಸಿದರು.

ಅತ್ತೆ ಬಂದಿದ್ದಳು. "ಏನೇ, ಗಾಡಿ ಸರಿ ಮಾಡಿದ್ಯಂತೆ? ಮೆಕ್ಯಾನಿಕ್ಕಿಗೇ ಗೊತ್ತಾಗ್ದಿದ್ದು ನಿಂಗೆ ಗೊತ್ತಾಯ್ತಾ? ಏನಾಗಿತ್ತು?"

"ಕಸ" ಅಂದೆ. ಕಸ ಅನ್ನುವುದು ಸುಳ್ಳಲ್ಲ.

ಮಾರ್ಚ್ 8, ಶನಿವಾರ

ಬಟ್ಟೆ ಸವೆಯುತ್ತಿದೆ. ಈಗ ದಿನಾ ತೊಳೆಯಬೇಕು. ಇವತ್ತಿನ ಚೆಂಡು ಸಂಪಿಗೆ ಮೊಗ್ಗಿನಷ್ಟಿತ್ತು. ಬಿಸಾಡಲು ಕೈ ಬರಲಿಲ್ಲ, ಹಳೇ ಔಷಧದ ಡಬ್ಬಿಗೆ ಹಾಕಿದೆ.

ಮಾರ್ಚ್ 11, ಮಂಗಳವಾರ

ಅಪ್ಪ ಊಟದಲ್ಲಿ ತಾನಾಗಿ ಹೇಳಿದ, ಅಮ್ಮ ಮೊದಲ ಸಲ ಟ್ರಾಕ್ಟರ್ ಹತ್ತಿದ ದಿನ ಚಪ್ಪಲಿ ಬಿಟ್ಟು ಹತ್ತಿದಳಂತೆ, ಪೂಜೆ ಮಾಡಿದ ಗಾಡಿ ಅಂತ. ಕೆ.ಆರ್. ಪುರದವರೆಗೂ ಬರಿಗಾಲಲ್ಲಿ ಹೋಗಿ, ಇಳಿದ ಮೇಲೆ ಚಪ್ಪಲಿ ಮನೆಯಲ್ಲೇ ಬಿಟ್ಟದ್ದು ನೆನಪಾಯಿತಂತೆ. ಅಪ್ಪ ನಕ್ಕ. ನಾನೂ.

ನಾಳೆ ಶಿವಾಜಿನಗರಕ್ಕೆ ಹೋಗಿ ದೊಡ್ಡ ಫಿಲ್ಟರ್ ತರುತ್ತೇನೆ. ದೊಡ್ಡದಾದರೆ ವಾರಕ್ಕೊಮ್ಮೆ ತೊಳೆದರೆ ಸಾಕು.

ಮಾರ್ಚ್ 12, ಬುಧವಾರ

ಅಪ್ಪನ ಬಲಗೈಯ ಎರಡು ಬೆರಳು ಟೈರಿಗೂ ಕಲ್ಲಿಗೂ ನಡುವೆ ಸಿಕ್ಕವು. ನಾನು ಇರಲಿಲ್ಲ.

ಮಾರ್ಚ್ 14, ಶುಕ್ರವಾರ

ಬೇಗ ಹೊರಟರೆ ಮೆಟ್ರೊದಲ್ಲಿ ನೂಕಾಟ ಇರುವುದಿಲ್ಲ ಅಂತ ಬುಧವಾರ ಬೆಳಗ್ಗೆ ಬಟ್ಟಲು ತೊಳೆಯದೆ ಹೋದೆ. ಒಂದು ದಿನ ಅಲ್ಲವೇ ಅಂದುಕೊಂಡೆ. ಸ್ನೇಹಿತೆಯನ್ನು ನೋಡಲು ಹೋಗುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೆ.

ಅಫ್ಜಲ್ ಭಾಯ್ ರಂಜಾನ್ ಉಪವಾಸದಲ್ಲಿದ್ದರು, ಒಣಗಿದ ತುಟಿ. ದೊಡ್ಡ ಫಿಲ್ಟರ್ ಕೇಳಿದೆ.

"ಫಿಲ್ಟರ್ ದೊಡ್ಡದು ಮಾಡಿದ್ರೆ ಕಸ ಚಿಕ್ಕದಾಗಲ್ಲ ಬೇಟಾ. ಎಲ್ಲಿಂದ ಬರ್ತಾ ಇದೆ ನೋಡು ಮೊದಲು."

"ಗೊತ್ತು ಅಂಕಲ್."

"ಗೊತ್ತಿದ್ದೂ ಇಷ್ಟು ದೂರ ಬಂದ್ಯಾ?"

ಅಷ್ಟರಲ್ಲಿ ಫೋನ್ ಬಂತು. ಅಪಾರ್ಟ್‌ಮೆಂಟಿನ ವಾಚ್‌ಮನ್ ಕಿರಣಕುಮಾರ. ಗೇಟಿನ ಒಳಗಿನ ಏರುದಾರಿಯಲ್ಲಿ ಗಾಡಿ ನಿಂತುಬಿಟ್ಟಿದೆ. ತುಂಬಿದ ಟ್ಯಾಂಕರ್ ಹಿಂದಕ್ಕೆ ಎಳೆಯುತ್ತಿತ್ತು, ಬ್ರೇಕ್ ಪೂರ್ತಿ ಹಿಡಿಯಲಿಲ್ಲ. ಕಲ್ಲು ಕೊಡುವವರು ಯಾರೂ ಇಲ್ಲ. ಅಪ್ಪ ತಾನೇ ಹಾರಿ ಕಲ್ಲು ತಳ್ಳಿದ್ದಾನೆ. ಕಲ್ಲು ಕೂತಿತು, ಗಾಡಿ ನಿಂತಿತು, ಕೈ ತೆಗೆಯುವುದು ತಡವಾಯಿತು.

"ಅಂಕಲ್ ಕೂಗ್ಲೇ ಇಲ್ಲ ಕಣಕ್ಕ" ಅಂದ ಕಿರಣಕುಮಾರ. "'ಮೋನಿ, ಕಲ್ಲು' ಅಂತ ಒಂದ್ಸಲ ಅಂದ್ರು, ಅಷ್ಟೇ."

ಮಾರ್ಚ್ 15, ಶನಿವಾರ

ಅಪ್ಪನನ್ನು ಮನೆಗೆ ಕರೆತಂದೆವು. ಅತ್ತೆ ಹೋದ ಮೇಲೆ ಅವನ ಮುಂದೆ ಕೂತೆ.

"ಅಪ್ಪ, ಗಾಡಿ ನಿಂತಿದ್ದು ಆ ಸೀರೆಯಿಂದ. ಅಂಚಿನ ಎಳೆ ಬಿಚ್ಕೊಂಡು ಒಳಗೆ ಹೋಗ್ತಿದೆ. ಮೊದ್ಲಿಂದ್ಲೂ ಅದೇ."

ಡಬ್ಬಿ ತೆರೆದು ತೋರಿಸಿದೆ. ಅಪ್ಪ ಎಡಗೈಯಿಂದ ಒಂದು ಚೆಂಡು ಎತ್ತಿ ಬೆಳಕಿಗೆ ಹಿಡಿದ.

"ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು ಇಪ್ಪತ್ತನೇ ತಾರೀಕು."

"ಬೆಳಗ್ಗೆ ಬೆಳಗ್ಗೆ ಗಾಡಿ ಹತ್ರ ಅದೇನಾ ಮಾಡ್ತಿದ್ದಿದ್ದು?"

"ತೊಳೀತಿದ್ದೆ."

ಚೆಂಡನ್ನು ಮತ್ತೆ ಡಬ್ಬಿಗೆ ಹಾಕಿದ.

"ನಿಮ್ಮಮ್ಮಂಗೆ ಹೇಳ್ದೆ ನೀನು. ನಂಗೆ ಹೇಳ್ಲಿಲ್ಲ."

"ನಿಂಗೆ ನೋವಾಗತ್ತೆ ಅಂತ."

"ಅವ್ಳಿಗೆ ಆಗ್ಲಿಲ್ವಾ?"

ಮಾರ್ಚ್ 18, ಮಂಗಳವಾರ

ಲಾಳಿಕೆಯಿಂದ ಬಟ್ಟೆ ಬಿಚ್ಚು ಅಂದ. ಬಿಚ್ಚಿ ಕೊಟ್ಟೆ. ಒಗೆಯುವ ಕಲ್ಲಿನ ಮುಂದೆ ಕೂತು ಒಂದೇ ಕೈಯಲ್ಲಿ ಸೋಪು ಹಚ್ಚಿ ಉಜ್ಜಿದ. ನಾನು ಒಗೆಯುತ್ತೇನೆ ಅಂದರೆ ಬಿಡಲಿಲ್ಲ. ಮೂರು ನೀರು ಮಾಡಿದರೂ ಡೀಸೆಲ್ ವಾಸನೆ ಹೋಗಲಿಲ್ಲ. ಒಣಗಿದ ಮೇಲೆ ಮಡಚಿ ಟ್ರಂಕಿಗೆ ಹಾಕಿದ, ಬೇರೆ ಬಟ್ಟೆಗೂ ವಾಸನೆ ಹತ್ತುತ್ತದೆ ಅಂತ ಹೊರಗೆ ತೆಗೆದ. ಕೊನೆಗೆ ಎಲ್ಲಿಟ್ಟನೋ, ನಾನು ಕೇಳಲಿಲ್ಲ.

ಅತ್ತೆಯ ಮಗ ಸೂರ್ಯ ಗಾಡಿ ಓಡಿಸುತ್ತಿದ್ದಾನೆ. ತಂತಿ ಜಾಲರಿಯ ಲಾಳಿಕೆ ತಂದಿದ್ದೇನೆ. ಡೀಸೆಲ್ ಟ್ಯಾಂಕು ಇಳಿಸಿ ತೊಳೆದೆವು. ಏಳು ಲೋಡು, ಎಲ್ಲೂ ನಿಲ್ಲಲಿಲ್ಲ. ಸೂರ್ಯ, "ಸೂಪರ್ ಮಗಾ, ನೀನೇ ಗ್ಯಾರೇಜ್ ಹಾಕು" ಅಂದ. ಮನೆಗೆ ಬಂದು ಏಳು ಲೋಡು ಅಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದ.

ಮಾರ್ಚ್ 20, ಗುರುವಾರ

ಎಡಗೈಯಲ್ಲಿ ಮುದ್ದೆ ಮುರಿಯಲು ಬರುವುದಿಲ್ಲ ಅಂತ ಅನ್ನ ಮಾಡಿದ್ದೆ. ಚಮಚ ಕೆಳಗಿಟ್ಟು ಕೇಳಿದ.

"ಅವತ್ತು ನೀನು ಹೇಳ್ದಾಗ ಅವ್ಳು ಏನಂದ್ಲು?"

ಈವರೆಗೆ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

"'ನೀನೂ ನಾಲ್ಕು ದಿನ ಸುಳ್ಳು ಹೇಳ್ಬಾರ್ದಿತ್ತಾ' ಅಂದ್ಲು."

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ನಾನು ದಿನಾ ಹೇಳ್ತಿದ್ದೆ. ಒಂದ್ ದಿನಾನೂ ನಂಬ್ಲಿಲ್ಲ ಅವ್ಳು. ಹೂಂ ಅಂತಿದ್ಲು, ನಂಬ್ತಿರ್ಲಿಲ್ಲ. ನೀನು ಹೇಳಿದ್ರೆ ನಂಬ್ತಿದ್ಲು. ಅದಕ್ಕೇ ಕಣವ್ವ ನಿನ್ನ ಕೇಳಿದ್ದು."

ಮತ್ತೆ ಚಮಚ ಎತ್ತಿಕೊಂಡು ಊಟ ಮುಗಿಸಿದ. ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ 24, ಸೋಮವಾರ

ಹೊಲಿಗೆ ಬಿಚ್ಚಿಸಲು ಹೋಗಿದ್ದೆವು. ಅಪ್ಪ ಹೊರಗೆ ಬಂದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಎರಡೂ ಬೆರಳು ಇನ್ನು ಮಡಚುವುದಿಲ್ಲ, ವ್ಯಾಯಾಮ ಮಾಡಿದರೂ ಅಷ್ಟೇ, ಟ್ರಾಕ್ಟರ್ ಓಡಿಸುವ ಯೋಚನೆ ಬಿಡಲಿ, ನಿಧಾನವಾಗಿ ನೀವೇ ಹೇಳಿ ಅಂದರು.

ಬಸ್‌ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಕೂತೆವು. ಅಪ್ಪ ಕೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದ. ಬೆರಳುಗಳು ಬಿಳಿಚಿ, ನೀರಿನಲ್ಲಿ ನೆನೆದ ಹಾಗೆ ಇದ್ದವು. ಒಂದು ಬಸ್ಸು ಬಂದು ಹೋಯಿತು. ಅದು ನಮ್ಮದೇ ಆಗಿತ್ತು.

"ಮೋನಿ, ಏನಂದ್ರು? ಮಡಚಕ್ಕೆ ಬತ್ತದಾ? ಸ್ಟೇರಿಂಗ್ ಹಿಡಿಯಕ್ಕೆ ಆಯ್ತದಾ?"

ಅವನು ಕೈ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ.

"ಆಗತ್ತಪ್ಪ. ಸ್ವಲ್ಪ ದಿನ ಹಿಡಿಯತ್ತೆ. ಆದ್ರೆ ಆಗತ್ತೆ."

"ನಿಜ್ವಾಗ್ಲೂ ಹಂಗಂದ್ರಾ?"

"ಹೂಂ. ಹಾಗೇ ಅಂದ್ರು."

ಅಪ್ಪ ನಂಬಿದ. ಲಕ್ಷ್ಮಿಕಾಂತ ಅವರಿಗೆ ಫೋನ್ ಮಾಡಿಸಿ, ಎರಡು ತಿಂಗಳಲ್ಲಿ ನಾನೇ ಬರ್ತೀನಿ ಅಂತ ಹೇಳಿದ. ಸೂರ್ಯನಿಗೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಳಿ ಇದೆ, ಅಲ್ಲಿಯವರೆಗೆ ನೀನು ಪಕ್ಕದಲ್ಲಿ ಕೂತು ಬೈಯುತ್ತಿರು ಅಂದ. ಆಮೇಲೆ ಬ್ರೇಕ್ ವಿಷಯ ಬಂತು, ಹೊಸ ಟೈರಿನ ವಿಷಯ ಬಂತು, ಅಮ್ಮ ನೀರಿನ ಪೈಪಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ಸೋರಿಕೆ ನಿಲ್ಲಿಸಿದ್ದು ಬಂತು. ಬಸ್ಸಿನಲ್ಲಿ ಮನೆ ಬರುವವರೆಗೂ ಅಪ್ಪ ಮಾತಾಡುತ್ತಲೇ ಇದ್ದ.